40 ನಿಮಿಷದ ಪಿರಿಯಡ್ಡಿಗೆ ಯಾವುದು ಒದಗುತ್ತದೆ? ವಿಡಿಯೊ, ಸಿಮ್ಯುಲೇಶನ್, ಟಿವಿ, ಮೊಬೈಲ್: ಮೇಷ್ಟ್ರುಗಳಿಗೊಂದು ಹೋಲಿಕೆ

“ಸಾರ್, ಬಲ್ಬ್ ದಾಟಿದ ಮೇಲೆ ಕರೆಂಟು ಸ್ವಲ್ಪ ಕಮ್ಮಿ ಆಗಿರ್ಬೇಕಲ್ವಾ? ಬಲ್ಬು ಅರ್ಧ ಕುಡಿದಿರುತ್ತಲ್ವಾ?”

ಹತ್ತನೇ ತರಗತಿಯ ಹುಡುಗಿಯೊಬ್ಬಳು ಹೀಗೆ ಕೇಳಿದಳು. ಹಿಂದಿನ ದಿನವಷ್ಟೇ ನಾನು ಅದೇ ಪಾಠದ ವಿಡಿಯೊ ತೋರಿಸಿದ್ದೆ. ಒಳ್ಳೆಯ ಕನ್ನಡ, ಚೆಂದದ ಚಿತ್ರಗಳು. ಸರಣಿ ಜೋಡಣೆಯಲ್ಲಿ ಎಲ್ಲ ಕಡೆ ವಿದ್ಯುತ್ ಪ್ರವಾಹ ಒಂದೇ ಅಂತ ಅದರಲ್ಲಿ ಸ್ಪಷ್ಟವಾಗಿ ಹೇಳಿದ್ದರು. ಮಕ್ಕಳು ನೋಟ್ಸಿನಲ್ಲಿ ಬರೆದುಕೊಂಡೂ ಇದ್ದರು. ಆದರೆ ಬರೆದದ್ದು ಪುಸ್ತಕದಲ್ಲಿತ್ತು, ನಂಬಿದ್ದು ತಲೆಯಲ್ಲಿತ್ತು. ಎರಡೂ ಬೇರೆ ಬೇರೆ.

ಮೂರನೇ ದಿನ ಫೆಟ್ ಸಿಮ್ಯುಲೇಶನ್ ತೆರೆದೆ, ಅಂದರೆ ಪರದೆಯ ಮೇಲೆ ಮಕ್ಕಳೇ ಮಾಡಿ ನೋಡುವ ಅಣಕು ಪ್ರಯೋಗ. ಒಂದು ಬ್ಯಾಟರಿ, ಒಂದು ಬಲ್ಬು, ಎರಡು ತಂತಿ. ಜೋಡಿಸಿದ್ದು ನಾನಲ್ಲ, ಅದೇ ಹುಡುಗಿ. ತಂತಿಯೊಳಗೆ ನೀಲಿ ಎಲೆಕ್ಟ್ರಾನುಗಳು ಸಾಲಾಗಿ ಸಾಗತೊಡಗಿದವು. ಬಲ್ಬಿನ ಮೊದಲೂ ಅದೇ ವೇಗ, ಬಲ್ಬಿನ ನಂತರವೂ ಅದೇ ವೇಗ. ಅವಳಿಗೆ ಸಮಾಧಾನ ಆಗಲಿಲ್ಲ. ಕರೆಂಟು ಅಳೆಯುವ ಅಮ್ಮೀಟರನ್ನು ಎಳೆದು ಬಲ್ಬಿನ ಎಡಕ್ಕೆ ಇಟ್ಟಳು. ಆಮೇಲೆ ಬಲಕ್ಕೆ ಇಟ್ಟಳು. ಎರಡೂ ಕಡೆ ಒಂದೇ ಅಂಕಿ. “ಹಂಗಾದ್ರೆ ಬಲ್ಬು ತಗೊಳ್ಳೋದು ಏನನ್ನ?” ಅಂತ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ. ಅಲ್ಲಿಂದ ನಿಜವಾದ ಪಾಠ ಶುರುವಾಯಿತು.

ಈ ಹೋಲಿಕೆ ಬರೆಯುವುದಕ್ಕೆ ಆ ಮೂರು ದಿನಗಳೇ ಕಾರಣ. ‘ಯಾವ ಆ್ಯಪ್ ಒಳ್ಳೆಯದು ಸಾರ್’ ಅಂತ ಜೊತೆಯ ಶಿಕ್ಷಕರು ಆಗಾಗ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಇಷ್ಟೇ: ಪಾಠದಲ್ಲಿ ಗಂಟು ಬಿದ್ದಿರುವುದು ಎಲ್ಲಿ? ಮಕ್ಕಳು ಕಣ್ಣಿಂದ ನೋಡಲಾಗದ ಕಡೆ ಸಿಕ್ಕಿಕೊಂಡಿದ್ದಾರಾ, ಅಭ್ಯಾಸ ಸಾಲದೆ ಸಿಕ್ಕಿಕೊಂಡಿದ್ದಾರಾ, ಓದಲು ಬಾರದೆ ಸಿಕ್ಕಿಕೊಂಡಿದ್ದಾರಾ? ಒಂದೊಂದು ಗಂಟಿಗೂ ಬೇರೆ ಸಾಧನ ಬೇಕು. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನ ಹೇಳುವವನು. ಹಾಗಾಗಿ ಉದಾಹರಣೆಗಳು ಆ ಕಡೆಯವೇ ಜಾಸ್ತಿ.

ಮೊದಲು ಕರೆಂಟು, ಆಮೇಲೆ ಮಿಕ್ಕದ್ದು

ಪ್ರೊಜೆಕ್ಟರ್ ಚಿತ್ರವನ್ನು ದೊಡ್ಡದಾಗಿ ತೋರಿಸುತ್ತದೆ ನಿಜ. ಆದರೆ ಕೋಣೆ ಕತ್ತಲಾಗಬೇಕು. ನಮ್ಮ ಕಡೆಯ ತರಗತಿಗಳಿಗೆ ನಾಲ್ಕಾರು ಕಿಟಕಿ, ಪರದೆ ಇಲ್ಲ. ಬೆಳಗ್ಗೆ ಹನ್ನೊಂದರ ಬಿಸಿಲಿಗೆ ಗೋಡೆಯ ಮೇಲಿನ ಚಿತ್ರ ಬಿಳುಚಿಕೊಂಡು ನಿಲ್ಲುತ್ತದೆ. ದೀಪ ಹೋದರೆ ಹೊಸದಕ್ಕೆ ಸಾವಿರಾರು ರೂಪಾಯಿ. ಶಾಲೆಯ ಅನುದಾನದಲ್ಲಿ ಅಷ್ಟು ಹೊಂದಿಸುವ ಹೊತ್ತಿಗೆ ವರ್ಷ ಮುಗಿದಿರುತ್ತದೆ.

ಟಿವಿಗೆ ಕತ್ತಲೆ ಬೇಡ. ಪೆನ್‌ಡ್ರೈವ್ ಚುಚ್ಚಿದರೆ ಓಡುತ್ತದೆ. ತೊಂದರೆ ಇರುವುದು ಅಳತೆಯಲ್ಲಿ. ಐವತ್ತು ಮಕ್ಕಳ ತರಗತಿಯಲ್ಲಿ 43 ಇಂಚಿನ ಟಿವಿ ಇಟ್ಟರೆ ಹಿಂದಿನ ಎರಡು ಸಾಲಿಗೆ ಅಕ್ಷರ ಕಾಣುವುದಿಲ್ಲ. ನೀವೇ ಹೋಗಿ ಕೊನೆಯ ಬೆಂಚಿನಲ್ಲಿ ಕೂತು ನೋಡಿ, ಗೊತ್ತಾಗುತ್ತದೆ. ಚಿತ್ರ ಇದ್ದರೆ ಪರವಾಗಿಲ್ಲ, ಬರಹ ಇದ್ದರೆ ಕಷ್ಟ. ಅದಕ್ಕೇ ನಾನು ಟಿವಿಯಲ್ಲಿ ಚಿತ್ರ ಮಾತ್ರ ತೋರಿಸುತ್ತೇನೆ. ಬರಹವನ್ನು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲೇ ಬರೆಯುತ್ತೇನೆ. ಪ್ರೊಜೆಕ್ಟರ್, ಟಿವಿ ಎರಡರಲ್ಲಿ ಒಂದು ಅಂದರೆ ಹಳ್ಳಿಯ ಶಾಲೆಗೆ ಟಿವಿಯೇ ಸರಿ. ಸಭಾಂಗಣದಂಥ ದೊಡ್ಡ ಕೋಣೆ, ದಪ್ಪ ಪರದೆ ಇರುವ ಶಾಲೆಗೆ ಪ್ರೊಜೆಕ್ಟರ್ ಆಗಬಹುದು.

ಮೂರನೆಯದು ಮೇಷ್ಟ್ರ ಮೊಬೈಲು. ಇದನ್ನು ಹಗುರವಾಗಿ ನೋಡಬೇಡಿ. ಐದೈದು ಮಕ್ಕಳ ಗುಂಪು ಮಾಡಿ, ಒಂದು ಗುಂಪು ಮೊಬೈಲಿನ ಹತ್ತಿರ, ಉಳಿದವರು ಬೇರೆ ಕೆಲಸದಲ್ಲಿ ಅಂತ ಸುತ್ತು ಹಾಕಿಸಿದರೆ ಎಲ್ಲರ ಬೆರಳೂ ಪರದೆಗೆ ತಾಗುತ್ತದೆ. ಟಿವಿಯಲ್ಲಿ ಐವತ್ತು ಜನ ನೋಡುತ್ತಾರೆ. ಮೊಬೈಲಿನಲ್ಲಿ ಐದು ಜನ ಮಾಡುತ್ತಾರೆ. ಸಿಮ್ಯುಲೇಶನ್ನಿಗೆ ಮೊಬೈಲೇ ಮೇಲು. ಒಂದು ಎಚ್ಚರ: ಅದಕ್ಕೂ ಮೊದಲು ನಿಮ್ಮ ವಾಟ್ಸ್ಆ್ಯಪ್, ಬ್ಯಾಂಕಿನ ಸೂಚನೆಗಳನ್ನು ಬಂದ್ ಮಾಡಿ, ಡೇಟಾ ಆಫ್ ಮಾಡಿ ಕೊಡಿ.

ಕಂಪ್ಯೂಟರ್ ಲ್ಯಾಬ್ ಇರುವ ಪ್ರೌಢಶಾಲೆಗಳ ಕತೆ ಬೇರೆ. ಹತ್ತು ಯಂತ್ರ ಓಡುತ್ತಿದ್ದರೂ ಸಾಕು, ಅಭ್ಯಾಸದ ಕೆಲಸಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಿ. ಪಾಠದ ನಡುವೆ ಎರಡು ಸಲ ಕರೆಂಟು ಹೋದರೆ ಮಕ್ಕಳ ಗಮನ ಮತ್ತೆ ಹಿಡಿಯಲು ಆಗುವುದಿಲ್ಲ.

ಯಾರೂ ಹೇಳದ ಒಂದು ಮಾತು ಇಲ್ಲಿ ಸೇರಿಸುತ್ತೇನೆ. ಚಿತ್ರಕ್ಕಿಂತ ಧ್ವನಿ ಮುಖ್ಯ. ಟಿವಿಯ ಸ್ಪೀಕರ್ ಹಿಂದಕ್ಕೋ ಕೆಳಕ್ಕೋ ಮುಖ ಮಾಡಿರುತ್ತದೆ. ಫ್ಯಾನಿನ ಸದ್ದು, ಪಕ್ಕದ ತರಗತಿಯ ಗದ್ದಲ ಸೇರಿದರೆ ಕೊನೆಯ ಸಾಲಿಗೆ ಏನೂ ಕೇಳುವುದಿಲ್ಲ. ಸಾವಿರ, ಒಂದೂವರೆ ಸಾವಿರದ ಒಂದು ಪುಟ್ಟ ಸ್ಪೀಕರನ್ನು ತರಗತಿಯ ಮಧ್ಯದ ಬೆಂಚಿನ ಮೇಲಿಡಿ. ಪಾಠದ ಕಳೆಯೇ ಬದಲಾಗುತ್ತದೆ.

ವಿಡಿಯೊ: ದೀಕ್ಷಾ, ಯೂಟ್ಯೂಬ್, ಸಂವೇದ

ಶಾಲಾ ಪಾಠಗಳಿಗೆಂದೇ ಇರುವ ಸರ್ಕಾರಿ ಆ್ಯಪ್ ದೀಕ್ಷಾ ಶುರುವಾದದ್ದು 2017ರ ಸೆಪ್ಟೆಂಬರ್ 5, ಶಿಕ್ಷಕರ ದಿನಾಚರಣೆಯಂದು. ಅದರ ದೊಡ್ಡ ಅನುಕೂಲ ನಮ್ಮ ಪಠ್ಯಪುಸ್ತಕದಲ್ಲೇ ಇದೆ. ಪಾಠದ ಪಕ್ಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಅದೇ ಪಾಠದ ಸಾಮಗ್ರಿ ಬರುತ್ತದೆ. ಕೋಡ್ ಮಾಸಿಹೋಗಿದ್ದರೆ ಅದರ ಕೆಳಗಿನ ಆರು ಅಕ್ಷರಗಳನ್ನು ಟೈಪ್ ಮಾಡಿದರೂ ಆಯಿತು. ಒಂದು ಸಲ ಇಳಿಸಿಕೊಂಡರೆ ನೆಟ್ ಇಲ್ಲದೆ ಓಡುತ್ತದೆ. ಜಾಹೀರಾತು ಇಲ್ಲ. ಕೊರತೆ ಅಂದರೆ ಗುಣಮಟ್ಟ ಒಂದೇ ಸಮ ಇಲ್ಲ. ಒಂದು ಪಾಠಕ್ಕೆ ಸೊಗಸಾದ ಅನಿಮೇಶನ್ ಸಿಕ್ಕರೆ ಇನ್ನೊಂದಕ್ಕೆ ಪುಸ್ತಕದ ಸಾಲನ್ನೇ ಓದುವ ಧ್ವನಿ ಸಿಗಬಹುದು. ಮೊದಲೇ ಪೂರ್ತಿ ನೋಡದೆ ತರಗತಿಗೆ ಒಯ್ಯಬೇಡಿ.

ಯೂಟ್ಯೂಬಿನಲ್ಲಿ ಆಯ್ಕೆ ಜಾಸ್ತಿ. ಕನ್ನಡದಲ್ಲಿ ಶಿಕ್ಷಕರೇ ಮಾಡಿದ ಒಳ್ಳೊಳ್ಳೆ ವಿಡಿಯೊಗಳಿವೆ. ಜೊತೆಗೆ ಜಾಹೀರಾತು ಇರುತ್ತದೆ, ಪಕ್ಕದಲ್ಲಿ ಬೇರೆ ವಿಡಿಯೊಗಳ ಸಾಲು ಇರುತ್ತದೆ. ತಪ್ಪು ಹೇಳುವವರೂ ಅಷ್ಟೇ ವಿಶ್ವಾಸದಿಂದ ಹೇಳುತ್ತಾರೆ. ಆ್ಯಪಿನೊಳಗೆ ಇಳಿಸಿಕೊಂಡದ್ದು ಆ ಮೊಬೈಲಿನಲ್ಲೇ ಉಳಿಯುತ್ತದೆ, ಪೆನ್‌ಡ್ರೈವಿಗೆ ಬರುವುದಿಲ್ಲ. ಟಿವಿಗೆ ತರಬೇಕಾದರೆ ಮೊಬೈಲ್‌ನಿಂದ ಕೇಬಲ್ ಎಳೆಯಬೇಕು, ಇಲ್ಲವೇ ಟಿವಿಗೇ ನೆಟ್ ಕೊಡಬೇಕು.

2020ರಲ್ಲಿ ಶಾಲೆ ಮುಚ್ಚಿದ್ದಾಗ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದದ್ದು ನಿಮಗೆ ನೆನಪಿರಬೇಕು. ಅವನ್ನು ಈಗಲೂ ಹುಡುಕಿ ನೋಡುವವರಿದ್ದಾರೆ. ಪಾಠ ಮಾಡಿದ ಶಿಕ್ಷಕರ ಮೇಲೆ ನನಗೆ ತುಂಬ ಗೌರವ ಇದೆ. ಎದುರಿಗೆ ಮಕ್ಕಳಿಲ್ಲದೆ ಕ್ಯಾಮೆರಾಕ್ಕೆ ಪಾಠ ಹೇಳುವುದು ಸುಲಭದ ಕೆಲಸ ಅಲ್ಲ. ಆದರೆ ಅವು ಮನೆಯಲ್ಲಿ ಕೂತ ಮಗುವಿಗೆ ಮಾಡಿದವು. ಮೇಷ್ಟ್ರು ಇಲ್ಲದ ಕಡೆ ಮೇಷ್ಟ್ರಾಗಲು ಮಾಡಿದವು. ತರಗತಿಯಲ್ಲಿ ನೀವೇ ನಿಂತಿರುವಾಗ ಅದನ್ನು ಪೂರ್ತಿ ಹಾಕಿದರೆ ಒಂದೇ ಕೋಣೆಯಲ್ಲಿ ಇಬ್ಬರು ಮೇಷ್ಟ್ರು ಆಗುತ್ತಾರೆ. ರಜೆ ಹಾಕಿದ ಮಕ್ಕಳಿಗೆ, ಪರೀಕ್ಷೆಗೆ ಮುಂಚಿನ ಪುನರಾವರ್ತನೆಗೆ ಅವು ಈಗಲೂ ಚೆನ್ನ.

ನನ್ನ ಲೆಕ್ಕದಲ್ಲಿ ತರಗತಿಯ ವಿಡಿಯೊ ಮೂರರಿಂದ ಐದು ನಿಮಿಷ ಮೀರಬಾರದು. ನಡುವೆ ಒಂದು ಸಲವಾದರೂ ನಿಲ್ಲಿಸಿ, ‘ಮುಂದೆ ಏನಾಗುತ್ತೆ ಹೇಳ್ರಪ್ಪಾ’ ಅಂತ ಕೇಳಬೇಕು. ಹೃದಯದ ಕವಾಟ ತೆರೆದು ಮುಚ್ಚುವುದು, ಜ್ವಾಲಾಮುಖಿ, ಕೋಶ ವಿಭಜನೆ ಇಂಥವಕ್ಕೆ ವಿಡಿಯೊಗಿಂತ ಬೇರೆ ದಾರಿ ಇಲ್ಲ. ವಿಜ್ಞಾನದ ಪೆಟ್ಟಿಗೆಯಲ್ಲಿರುವ ಲಿಟ್ಮಸ್ ಕಾಗದ, ನಿಂಬೆಹಣ್ಣು, ಸೋಪಿನ ನೀರು ಬಿಟ್ಟು ಆಮ್ಲ-ಪ್ರತ್ಯಾಮ್ಲದ ವಿಡಿಯೊ ಹಾಕುವುದು ಮಾತ್ರ ಬೇಡ.

ಸಿಮ್ಯುಲೇಶನ್ನೋ, ನಿಜವಾದ ತಂತಿಯೋ

ಫೆಟ್ ಹುಟ್ಟಿದ್ದು ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ, 2002ರಲ್ಲಿ. ಶುರು ಮಾಡಿದವರು ಅದರ ಹಿಂದಿನ ವರ್ಷವಷ್ಟೇ ಭೌತವಿಜ್ಞಾನದ ನೊಬೆಲ್ ಪಡೆದಿದ್ದ ಕಾರ್ಲ್ ವೀಮನ್. ಹಲವು ಸಿಮ್ಯುಲೇಶನ್‌ಗಳು ಕನ್ನಡದಲ್ಲೂ ಇವೆ. ಬ್ರೌಸರಿನಲ್ಲೇ ಓಡುತ್ತವೆ. ಒಂದೊಂದನ್ನೂ ಫೈಲಾಗಿ ಇಳಿಸಿಟ್ಟುಕೊಂಡರೆ ನೆಟ್ ಬೇಡ, ಹಣವೂ ಬೇಡ. ಪಠ್ಯಪುಸ್ತಕದ ಪದ ಒಂದು, ಅನುವಾದದ ಪದ ಇನ್ನೊಂದು ಇರಬಹುದು. ಒಂದು ಕಡೆ ‘ರೋಧ’, ಇನ್ನೊಂದು ಕಡೆ ‘ಪ್ರತಿರೋಧ’ ಅಂದರೆ ಮಕ್ಕಳು ಎರಡು ಬೇರೆ ವಸ್ತು ಅಂದುಕೊಳ್ಳುತ್ತಾರೆ. ಶುರುವಿನಲ್ಲೇ ಎರಡನ್ನೂ ಬೋರ್ಡಿನಲ್ಲಿ ಅಕ್ಕಪಕ್ಕ ಬರೆದುಬಿಡಿ.

ಸಿಮ್ಯುಲೇಶನ್ ತೋರಿಸುವುದು ಕಣ್ಣಿಗೆ ಕಾಣದ್ದನ್ನು. ನಿಜವಾದ ತಂತಿಯೊಳಗಿನ ಎಲೆಕ್ಟ್ರಾನನ್ನು ಯಾವ ಮಗುವೂ ನೋಡಲಾರದು. ತಪ್ಪು ಮಾಡಲೂ ಅಲ್ಲಿ ಭಯ ಇಲ್ಲ. ಬ್ಯಾಟರಿಯ ಎರಡು ತುದಿಯನ್ನು ಸುಮ್ನೆ ತಂತಿಯಿಂದ ಸೇರಿಸಿದರೆ ಪರದೆಯ ಮೇಲೆ ಬೆಂಕಿ ಹತ್ತುತ್ತದೆ. ನಮ್ಮ ಮಕ್ಕಳು ಅದನ್ನು ಹತ್ತು ಸಲ ಮಾಡಿ ಖುಷಿಪಟ್ಟರು. ಆಮೇಲೆ ‘ಮನೇಲಿ ಫ್ಯೂಸ್ ಹೋಗೋದು ಇದಕ್ಕೇನಾ?’ ಅಂತ ಅವರೇ ಕೇಳಿದರು.

ಆದರೆ ಸಿಮ್ಯುಲೇಶನ್ನಿನಲ್ಲಿ ತಂತಿ ಎಂದೂ ಸಡಿಲ ಆಗುವುದಿಲ್ಲ. ಕೈಗೆ ಬಿಸಿ ತಾಗುವುದಿಲ್ಲ. ನಾಲ್ಕನೇ ದಿನ ಟಾರ್ಚ್ ಬಲ್ಬು, ಸೆಲ್ಲು, ತಂತಿ ಹಂಚಿದೆ. ಅರ್ಧ ಗುಂಪುಗಳ ಬಲ್ಬು ಹತ್ತಲೇ ಇಲ್ಲ. ತಂತಿಯ ಪ್ಲಾಸ್ಟಿಕ್ ಹೊದಿಕೆಯನ್ನು ಕೆರೆದು ತೆಗೆದಿರಲಿಲ್ಲ. ವಾಹಕ, ಅವಾಹಕ ಅಂದರೇನು ಅಂತ ಎರಡು ವರ್ಷದಿಂದ ಬರೆಯುತ್ತಿದ್ದ ಮಕ್ಕಳಿಗೆ ಅದು ಅರ್ಥವಾದದ್ದು ಆ ಹೊದಿಕೆ ಕೆರೆಯುವಾಗ. ಹಾಗಾಗಿ ಇದಾ ಅದಾ ಅಂತ ಕೇಳಿದರೆ ನನ್ನ ಉತ್ತರ ಎರಡೂ. ಸಮಯ ಒಂದಕ್ಕೇ ಇದ್ದರೆ, ಸಾಮಾನು ಕೈಗೆ ಸಿಗುವ ಪಾಠದಲ್ಲಿ ನಿಜವಾದದ್ದು. ಅಣು, ಅನಿಲದ ಕಣ, ವಿದ್ಯುತ್ ಕ್ಷೇತ್ರದಂಥ ಪಾಠದಲ್ಲಿ ಸಿಮ್ಯುಲೇಶನ್.

ಗಣಿತಕ್ಕೆ ಬಂದರೆ ಜಿಯೋಜೀಬ್ರಾ. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಶುರು ಮಾಡಿದ, ರೇಖಾಗಣಿತದ ಚಿತ್ರ ಬರೆದು ಎಳೆದಾಡಿಸಿ ನೋಡುವ ತಂತ್ರಾಂಶ ಇದು. ಕಂಪ್ಯೂಟರಿಗೆ ಹಾಕಿಕೊಂಡರೆ ನೆಟ್ ಇಲ್ಲದೆ ನಡೆಯುತ್ತದೆ. ನಮ್ಮಲ್ಲಿ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಿಂದ ಬಹಳ ಗಣಿತ ಶಿಕ್ಷಕರಿಗೆ ಇದರ ಪರಿಚಯ ಇದೆ. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣದಲ್ಲಿ ಕನ್ನಡದ ಚಟುವಟಿಕೆಗಳೂ ಸಿಗುತ್ತವೆ. ಬಾಹ್ಯ ಬಿಂದುವಿನಿಂದ ವೃತ್ತಕ್ಕೆ ಎಳೆದ ಸ್ಪರ್ಶಕಗಳು ಸಮ ಎಂಬ ಪ್ರಮೇಯ ಇದೆಯಲ್ಲ, ಅಲ್ಲಿ ಬಿಂದುವನ್ನು ಹಿಡಿದು ಎಳೆದಾಡಿಸಿ. ಎಲ್ಲಿಗೆ ಒಯ್ದರೂ ಎರಡು ಉದ್ದ ಜೊತೆಯಲ್ಲೇ ಬದಲಾಗುವುದನ್ನು ಮಕ್ಕಳು ನೋಡುತ್ತಾರೆ. ‘ಯಾವಾಗಲೂ’ ಎಂಬ ಮಾತಿನ ಅರ್ಥ ಆಗ ತಿಳಿಯುತ್ತದೆ. ಬೋರ್ಡಿನ ಮೇಲೆ ಬರೆದ ಒಂದೇ ಚಿತ್ರದಿಂದ ಅದು ಆಗುವುದಿಲ್ಲ.

ಹಾಗಂತ ತ್ರಿಭುಜದ ಮೂರು ಕೋನ ಸೇರಿದರೆ 180° ಅನ್ನುವುದಕ್ಕೂ ಕಂಪ್ಯೂಟರ್ ಬೇಕಾ? ಬೇಡ. ರದ್ದಿ ಕಾಗದದಲ್ಲಿ ತ್ರಿಭುಜ ಕತ್ತರಿಸಿ, ಮೂರು ಮೂಲೆ ಹರಿದು, ಪಕ್ಕಪಕ್ಕ ಇಡಿಸಿ. ಸರಳರೇಖೆ ಆಗುತ್ತದೆ. ಐವತ್ತು ಮಕ್ಕಳು ಐವತ್ತು ಬೇರೆ ಬೇರೆ ತ್ರಿಭುಜ ಹರಿದರೂ ಅದೇ ಸರಳರೇಖೆ. ಯಾವ ಪರದೆಯೂ ಇದಕ್ಕೆ ಸಮ ಅಲ್ಲ.

ಲೆಕ್ಕದ ಅಭ್ಯಾಸಕ್ಕೆ ಖಾನ್ ಅಕಾಡೆಮಿಯ ಕನ್ನಡ ಆವೃತ್ತಿ ಇದೆ. ಮಗು ಉತ್ತರ ಹಾಕಿದ ಕ್ಷಣವೇ ಸರಿ ತಪ್ಪು ಗೊತ್ತಾಗುತ್ತದೆ. ನಲವತ್ತು ನೋಟ್‌ಬುಕ್ ತಿದ್ದಿ ಮೂರು ದಿನದ ಮೇಲೆ ಕೊಡುವುದಕ್ಕೂ ಇದಕ್ಕೂ ಅಜಗಜಾಂತರ. ಆದರೆ ಯಂತ್ರವೂ ನೆಟ್ಟೂ ಮಗುವಿನ ಮುಂದೆ ಇರಬೇಕು. ಲ್ಯಾಬ್ ಇಲ್ಲದ ಶಾಲೆ ಇದರ ಆಸೆ ಸದ್ಯಕ್ಕೆ ಬಿಡುವುದೇ ವಾಸಿ.

ಎಷ್ಟು ಜನಕ್ಕೆ ತಿಳಿಯಿತು ಅಂತ ನೋಡಲು

ಇಲ್ಲಿ ನನಗೆ ಬಹಳ ಇಷ್ಟವಾದದ್ದು ಪ್ಲಿಕರ್ಸ್. ಪ್ರಶ್ನೆ ಕೇಳಲು ಬಳಸುವ ಗೂಗಲ್ ಫಾರ್ಮ್, ಕಹೂಟ್ ಎರಡಕ್ಕೂ ಮಕ್ಕಳ ಕೈಯಲ್ಲಿ ಮೊಬೈಲ್ ಬೇಕು. ಪ್ಲಿಕರ್ಸಿಗೆ ಮೇಷ್ಟ್ರ ಮೊಬೈಲ್ ಒಂದೇ ಸಾಕು. ಒಬ್ಬೊಬ್ಬ ಮಗುವಿಗೂ ಒಂದು ಸಂಖ್ಯೆಯ ಕಾಗದದ ಕಾರ್ಡ್. ಕಾರ್ಡಿನ ನಾಲ್ಕು ಬದಿ ಎಂದರೆ ಉತ್ತರದ ನಾಲ್ಕು ಆಯ್ಕೆ. ಮಗು ತನ್ನ ಉತ್ತರದ ಬದಿ ಮೇಲಾಗುವಂತೆ ಹಿಡಿಯುತ್ತದೆ. ನೀವು ಮೊಬೈಲ್ ಕ್ಯಾಮೆರಾವನ್ನು ಬೆಂಚುಗಳ ಮೇಲೆ ಹಾಯಿಸಿದರೆ ಅರೆ ನಿಮಿಷದಲ್ಲಿ ಯಾರು ಏನು ಹೇಳಿದರು ಅಂತ ಗೊತ್ತಾಗುತ್ತದೆ. ಪಕ್ಕದವರ ಕಾರ್ಡ್ ನೋಡಿ ನಕಲು ಮಾಡುವುದು ಕಷ್ಟ, ಯಾಕೆಂದರೆ ಪ್ರತಿ ಕಾರ್ಡಿನ ಗುರುತೂ ಬೇರೆ.

ಆ ಕರೆಂಟಿನ ಪಾಠದ ಮೊದಲು, ನಂತರ ಒಂದೇ ಪ್ರಶ್ನೆ ಹೀಗೆ ಕೇಳಿದ್ದೆ. ಕೈ ಎತ್ತಿ ಅಂದಾಗ ಎಂದೂ ಎತ್ತದ ಮಕ್ಕಳ ಉತ್ತರವೂ ಕಂಡಿತು. ತರಗತಿಯಲ್ಲಿ ಮಾತಾಡುವ ಐದಾರು ಜನಕ್ಕೆ ತಿಳಿದರೆ ಎಲ್ಲರಿಗೂ ತಿಳಿಯಿತು ಅಂದುಕೊಳ್ಳುವ ತಪ್ಪನ್ನು ನಾವೆಲ್ಲ ಮಾಡುತ್ತೇವೆ, ಅಲ್ವಾ? ಅದಕ್ಕೆ ಈ ಕಾಗದದ ಕಾರ್ಡು ಒಳ್ಳೆಯ ಮದ್ದು. ಕಾರ್ಡುಗಳನ್ನು ದಪ್ಪ ರಟ್ಟಿಗೆ ಅಂಟಿಸಿಡಿ, ಎರಡು ಮೂರು ವರ್ಷ ಬರುತ್ತವೆ. ಲ್ಯಾಮಿನೇಶನ್ ಮಾಡಿಸಿದರೆ ಬೆಳಕು ಹೊಳೆದು ಕ್ಯಾಮೆರಾಕ್ಕೆ ಓದಲು ತೊಂದರೆ.

ಓದಿಗೆ

ಕನ್ನಡ ಓದಲು ತಡವರಿಸುವ ಮಕ್ಕಳಿಗೆ ಪ್ರಥಮ್ ಬುಕ್ಸ್‌ನ ಕತೆಗಳ ಜಾಲತಾಣ ಸ್ಟೋರಿವೀವರ್ ಇದೆ. 2015ರಿಂದ ನಡೆಯುತ್ತಿದೆ. ಕತೆಗಳನ್ನು ನಾಲ್ಕು ಹಂತಗಳಲ್ಲಿ ಜೋಡಿಸಿದ್ದಾರೆ. ಮುಕ್ತ ಪರವಾನಗಿ ಇರುವುದರಿಂದ ಇಳಿಸಿ, ಮುದ್ರಿಸಿ, ಹಂಚಬಹುದು. ಟಿವಿಯಲ್ಲಿ ದೊಡ್ಡ ಅಕ್ಷರದಲ್ಲಿ ತೋರಿಸಿ ಒಟ್ಟಿಗೆ ಓದಿಸಿದರೆ ಗಟ್ಟಿ ಧ್ವನಿಯ ಮಕ್ಕಳ ಹಿಂದೆ ಉಳಿದವರು ಅಡಗಿಕೊಳ್ಳುತ್ತಾರೆ. ಅದೇ ಕತೆಯನ್ನು ಮುದ್ರಿಸಿ, ಪಿನ್ ಹೊಡೆದು, ಇಬ್ಬರಿಗೊಂದು ಕೊಟ್ಟರೆ ಬೆರಳಿಟ್ಟು ಓದುತ್ತಾರೆ. ನಾನು ಮುದ್ರಣದ ಪರ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿ ಎಂಬ ಚಟುವಟಿಕೆಯ ಕಲಿಕಾ ಪದ್ಧತಿಯೂ ಕಾರ್ಡುಗಳ ಮೇಲೇ ನಡೆದು ಬಂದಿದೆ. ಮಗು ತನ್ನ ವೇಗದಲ್ಲಿ ಹೋಗುವುದಕ್ಕೆ ಕೈಯಲ್ಲಿ ಹಿಡಿಯುವ ವಸ್ತು ಬೇಕು.

ಪ್ರಶ್ನೆಪತ್ರಿಕೆಗೆ ಎಐ, ಬರಹಕ್ಕೆ ಯೂನಿಕೋಡ್

ಈಗ ಎಐಗೆ ಹೇಳಿ ಪ್ರಶ್ನೆ ಬರೆಸುವುದು ಬಂದಿದೆ. ನಾನೂ ಬಳಸುತ್ತೇನೆ. ಒಂದೇ ಲೆಕ್ಕವನ್ನು ಹತ್ತು ಬೇರೆ ಅಂಕಿಗಳಲ್ಲಿ ಕೊಡು ಅಂದರೆ ಕ್ಷಣದಲ್ಲಿ ಕೊಡುತ್ತದೆ. ಊರಿನ ಸಂತೆ, ಕೊಬ್ಬರಿ ಮಂಡಿ, ಹಾಲಿನ ಡೇರಿ ಇಟ್ಟುಕೊಂಡು ಲೆಕ್ಕ ಮಾಡು ಅಂದರೂ ಮಾಡುತ್ತದೆ. ಒಂದು ಸಲ ಮಸೂರದ ಲೆಕ್ಕದಲ್ಲಿ ಚಿಹ್ನೆ ತಪ್ಪಿತ್ತು. ಉತ್ತರ ನೋಡಲು ಸರಿಯಾಗಿಯೇ ಇತ್ತು. ನಾನು ಕೈಯಲ್ಲಿ ಬಿಡಿಸಿ ನೋಡದಿದ್ದರೆ ಹಾಗೇ ಬೋರ್ಡಿಗೆ ಹೋಗುತ್ತಿತ್ತು. ಅಲ್ಲಿಂದೀಚೆಗೆ ಪ್ರತಿ ಲೆಕ್ಕ ಬಿಡಿಸದೆ ಮಕ್ಕಳಿಗೆ ಕೊಟ್ಟಿಲ್ಲ. ಕನ್ನಡ ಪದಗಳನ್ನೂ ಪಠ್ಯಪುಸ್ತಕದ ಜೊತೆ ಒಂದೊಂದಾಗಿ ಹೋಲಿಸುತ್ತೇನೆ. ಮಕ್ಕಳ ಹೆಸರು, ಅಂಕ, ಫೋಟೊ ಮಾತ್ರ ಅಲ್ಲಿಗೆ ಹಾಕಬೇಡಿ. 2023ರ ದತ್ತಾಂಶ ರಕ್ಷಣೆ ಕಾಯ್ದೆಯಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ತಂದೆ-ತಾಯಿಯ ಒಪ್ಪಿಗೆ ಬೇಕು ಅನ್ನುತ್ತದೆ ಅದು.

ಇನ್ನು ಬರಹ. ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆಯ ಸಾಲನ್ನು ವಾಟ್ಸ್ಆ್ಯಪಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಬರುತ್ತದೆ. ಹುಡುಕಿದರೂ ಸಿಗುವುದಿಲ್ಲ, ಬೇರೆ ಶಾಲೆಯವರು ತಿದ್ದಿಕೊಳ್ಳಲೂ ಆಗುವುದಿಲ್ಲ. ಯಾವ ಮೊಬೈಲು, ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್ ಆಯ್ಕೆ ನುಡಿಯಲ್ಲೇ ಇದೆ, ಅದನ್ನೇ ಒತ್ತಿ. ಮೊಬೈಲಿನಲ್ಲಿ ಬಾಯಲ್ಲಿ ಹೇಳಿ ಟೈಪ್ ಮಾಡಿಸುವುದೂ ಈಗ ಚೆನ್ನಾಗಿ ಬರುತ್ತದೆ. ಒಬ್ಬರು ಮಾಡಿದ ಹಾಳೆ ಹತ್ತು ಶಾಲೆಗೆ ಹೋಗಬೇಕಾದರೆ ಇದು ಬೇಕೇ ಬೇಕು.

ಹಣ ಸಿಕ್ಕರೆ ಯಾವುದು ಮೊದಲು

ಹಳೆಯ ವಿದ್ಯಾರ್ಥಿಗಳೋ ದಾನಿಗಳೋ ‘ಶಾಲೆಗೆ ಏನು ಕೊಡಿಸಲಿ’ ಅಂತ ಬಂದಾಗ ನಾವು ಥಟ್ಟನೆ ‘ಸ್ಮಾರ್ಟ್ ಕ್ಲಾಸ್’ ಅಂದುಬಿಡುತ್ತೇವೆ. ನನ್ನ ಪಟ್ಟಿಯಲ್ಲಿ ಮೊದಲು ಸ್ಪೀಕರ್, ಎರಡು ಪೆನ್‌ಡ್ರೈವ್. ವಿಡಿಯೊಗಳನ್ನು ಎಂಪಿ4 ಆಗಿ ಇಡಿ, ಹೆಚ್ಚಿನ ಟಿವಿಗಳು ಅದನ್ನು ಓಡಿಸುತ್ತವೆ. ಕಡತದ ಹೆಸರು ‘10-ವಿಜ್ಞಾನ-ಪಾಠ 12’ ಅನ್ನುವ ಥರ ಇರಲಿ, ಹೊಸದಾಗಿ ಬಂದ ಮೇಡಂ ಕೂಡ ಹುಡುಕಿಕೊಳ್ಳುತ್ತಾರೆ. ಆಮೇಲೆ ಯುಪಿಎಸ್ ಬ್ಯಾಟರಿ. ಆಮೇಲೆ ಮುದ್ರಿಸಲು ಒಂದು ಪ್ರಿಂಟರ್, ಒಂದು ರೀಮ್ ಕಾಗದ. ಇಷ್ಟಾದ ಮೇಲೆ ಟಿವಿ, ಆದಷ್ಟು ದೊಡ್ಡದು.

ಟಿವಿ ಬಂದ ದಿನ ಹಳೆಯ ವಿಜ್ಞಾನದ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಬೇಡಿ. ನಮ್ಮ ಶಾಲೆಯಲ್ಲಿ ಎರಡೂ ಒಂದೇ ಮೂಲೆಯಲ್ಲಿವೆ. ಟಾರ್ಚ್ ಬಲ್ಬು ಮಾತ್ರ ಬೇಗ ಖಾಲಿಯಾಗುತ್ತವೆ. ಜಾತ್ರೆಗೆ ಹೋದಾಗಲೆಲ್ಲ ಒಂದು ಡಜನ್ ತಂದಿಡುತ್ತೇನೆ.